ಉಸಿರಿನ ಗೆರೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.30

ಹಬೆ ತೆಗೆದುಕೊಂಡೆ. ಕೆಳಗಿನ ಸ್ವರಗಳು ಸರಿಯಿದ್ದವು. ನಡುವಿನವೂ ಪರವಾಗಿಲ್ಲ. ಮೇಲಕ್ಕೆ ಹೋದಾಗ ದನಿ ಒಡೆಯಿತು — ಎರಡು ಸಲ. ನೆಗಡಿಯಿಲ್ಲ, ಕೆಮ್ಮಿಲ್ಲ. ಅರವತ್ತೊಂದು ವಯಸ್ಸೆಂದರೆ ಇದೇ ಇರಬೇಕು ಎಂದು ನನ್ನನ್ನೇ ಬೈದುಕೊಂಡು ಪಿಯಾನೋ ಮುಚ್ಚಿದೆ.

ಏಳಕ್ಕೇ ಹಲ್ಲು ಡಾಕ್ಟರು ಬಂದು ಕಲಿತು ಹೋದರು. ಹನ್ನೊಂದು ವರ್ಷದಿಂದ ನನ್ನ ಶಿಷ್ಯ. ದಿನವಿಡೀ ಊರಿಗೆಲ್ಲ ‘ಬಾಯಿ ತೆರೀರಿ’ ಎನ್ನುವ ಮನುಷ್ಯ, ಇಲ್ಲಿಗೆ ಬಂದರೆ ತಾನು ಮಾತ್ರ ತೆರೆಯುವುದಿಲ್ಲ. ಎಂದಿನಂತೆ ಅವರ ದನಿಯ ಜೊತೆಗೆ ನನ್ನ ದನಿ ಸೇರಿಸಿ ಹಾಡಿಸಿದೆ. ಮೂವತ್ತು ವರ್ಷದಿಂದ ನನ್ನ ಪಾಠ ಹೀಗೇ. ಬೇರೆ ಟೀಚರುಗಳು ಕುರ್ಚಿಯಲ್ಲಿ ಕೂತು ತಪ್ಪು ಹುಡುಕುತ್ತಾರೆ. ನಾನು ಶಿಷ್ಯರ ಜೊತೆಗೆ ಕೊನೆಯವರೆಗೂ ಹಾಡುತ್ತೇನೆ. ಆ ಬಗ್ಗೆ ಸ್ವಲ್ಪ ಜಂಬವೂ ಇದೆ.

ಏಪ್ರಿಲ್ 19ಕ್ಕೆ ದೊಡ್ಡ ಸಭಾಂಗಣದಲ್ಲಿ ನನ್ನ ಕಾರ್ಯಕ್ರಮ. ಅಲ್ಲಿ ಮೊದಲ ಸಲ ಹಾಡಿ ನಲವತ್ತು ವರ್ಷ. ಕೊನೆಯಲ್ಲಿ ದೋಣಿಯ ಹಾಡು. ಅದಿಲ್ಲದೆ ಜನ ಎದ್ದು ಹೋಗುವುದಿಲ್ಲ. ಇನ್ನು ನಲವತ್ತೇಳು ದಿನ. ಗಂಟಲು ತೋರಿಸಿಕೊಂಡು ಬರುವುದು ವಾಸಿ.

ಮಾರ್ಚ್ 5, ಬುಧವಾರ

ಗಂಟಲಿನ ಡಾಕ್ಟರು ಮೂಗಿನೊಳಗೆ ದಾರದಂಥ ಕ್ಯಾಮೆರಾ ಇಳಿಸಿದರು. ಎದುರಿನ ಪರದೆಯಲ್ಲಿ ನನ್ನ ಧ್ವನಿತಂತು. ಎರಡು ಬಿಳಿ ಪಟ್ಟಿ. ಹೆಬ್ಬೆರಳಿನ ಉಗುರಿನಷ್ಟು ಉದ್ದ. ಅಷ್ಟೇ!

ಭಯವಾಗಬೇಕಿತ್ತು. ಆಗಲಿಲ್ಲ. ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತೆ. ಸಾವಿರ ಜನ ಕೂತ ಸಭಾಂಗಣವನ್ನು ತುಂಬಿಸಿದ್ದು ಈ ಎರಡು ಚೂರುಗಳೇ? ನನ್ನ ಮನೆ ನಡೆದದ್ದು, ನನಗೆ ನಾಲ್ಕು ಜನರ ನಡುವೆ ಹೆಸರು ಬಂದದ್ದು ಇವುಗಳಿಂದಲೇ? ‘ಈ’ ಅನ್ನಿ ಎಂದರು. ಅಂದೆ. ಎರಡೂ ಕೂಡಿ ನಡುಗಿದವು. ಇಷ್ಟು ವರ್ಷ ಜೊತೆಗಿದ್ದವರ ಮುಖವನ್ನು ಇಂದು ಮೊದಲ ಸಲ ನೋಡಿದೆ.

ಎಡಗಡೆಯದರ ಮೇಲೆ ಕೆಂಪು ಗುಳ್ಳೆ. ಒಳಗೆ ರಕ್ತ ಒಸರಿದೆಯಂತೆ.

“ಐದು ವಾರ ಮಾತಾಡೋ ಹಾಗಿಲ್ಲ. ಪಿಸುಮಾತೂ ಬೇಡ. ಅದು ಇನ್ನೂ ಕೆಟ್ಟದ್ದು.”

“ಏಪ್ರಿಲ್ ಹತ್ತೊಂಬತ್ತಕ್ಕೆ...” ಎಂದೆ.

“ಈ ಕ್ಷಣದಿಂದಲೇ ಅಂದೆ ನಾನು. ಏಪ್ರಿಲ್ ಒಂಬತ್ತಕ್ಕೆ ಬನ್ನಿ, ನೋಡೋಣ.”

ಬಾಯಿ ಮುಚ್ಚಿದೆ. ನಾನು ಕೊನೆಗೆ ಆಡಿದ್ದು ಒಂದು ತಾರೀಖು.

ಮಾರ್ಚ್ 6, ಗುರುವಾರ

ಇವರು ಬೆಳಿಗ್ಗೆಯೇ ಹೋಗಿ ಒಂದು ಪುಟ್ಟ ಸ್ಲೇಟು, ಬಳಪದ ಡಬ್ಬಿ ತಂದರು. ಸರ್ವೇಯರ್ ಆಗಿ ರಿಟೈರ್ ಆದವರು, ಎಲ್ಲದಕ್ಕೂ ಅಳತೆ ಬೇಕು. ನಾನು ಮಾತಾಡದೆ ಕಳೆದ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾರೆ. “ಮೂವತ್ತೈದು ವರ್ಷದ ಸಂಸಾರದಲ್ಲಿ ಇದೇ ದಾಖಲೆ ಕಣೇ” ಎಂದರು. ಸ್ಲೇಟಿನಲ್ಲಿ ಬೈಗುಳ ಬರೆದು ತೋರಿಸಿದೆ. ಕನ್ನಡಕ ಇಲ್ಲ, ಕಾಣಿಸಲ್ಲ ಎಂದುಬಿಟ್ಟರು. ಕನ್ನಡಕ ಮೂಗಿನ ಮೇಲೇ ಇತ್ತು.

ಅಡುಗೆ ಅವರದೇ ಅಂತೆ, ಹೊಗೆ ನನಗೆ ಆಗದು ಎಂದು. ಉಪ್ಪು ಧಾರಾಳ. ಉಪ್ಪಿಗೋಸ್ಕರ ಬಳಪ ಎತ್ತಲೇ ಎಂದು ಸುಮ್ಮನಾದೆ.

ಮಾರ್ಚ್ 10, ಸೋಮವಾರ

“ಪಾಠ ಮಾತ್ರ ನಿಲ್ಲಿಸಬೇಡ” ಎಂದಿದ್ದರು ಇವರು. “ನಿಲ್ಲಿಸಿದ್ರೆ ನನಗೇ ಶುರು ಮಾಡ್ತೀಯ.”

ಹಲ್ಲು ಡಾಕ್ಟರು ಬಂದರು. ಸ್ಲೇಟಿನಲ್ಲಿ ಬರೆದೆ: ಇವತ್ತು ಒಬ್ಬರೇ ಹಾಡಿ. ಹಾಡಿದರು. ಮೂರನೆಯ ಸಾಲಿಗೆ ಶ್ರುತಿ ಬಿಟ್ಟು ಎಲ್ಲಿಗೋ ಹೋದರು. ಮೆಟ್ಟಿಲಿದೆ ಎಂದು ಕಾಲಿಟ್ಟು ಮುಗ್ಗರಿಸಿದವರ ಹಾಗೆ ನನ್ನ ಕಡೆ ನೋಡಿದರು. ಆದರೆ ನನಗೆ ಮೈ ಜುಮ್ಮೆಂದದ್ದು ಬೇರೆಯದಕ್ಕೆ. ಈ ಮನುಷ್ಯನಿಗೆ ಎಂಥ ದನಿಯಿದೆ! ಸ್ವಲ್ಪ ಒರಟು, ಬೆಚ್ಚಗೆ. ಇದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಇವರ ಪಕ್ಕದಲ್ಲಿ ಹನ್ನೊಂದು ವರ್ಷ ನಾನು ಕೇಳಿಸಿಕೊಂಡದ್ದು ನನ್ನನ್ನೇ.

ಸಂಜೆಯವರೆಗೆ ಇನ್ನೂ ಮೂವರು ಬಂದರು. ಎಲ್ಲರದೂ ಅದೇ ಕತೆ. ನಾಲ್ಕು ಹೊಸ ದನಿ ಕೇಳಿದೆ ಇವತ್ತು, ಹಳೆಯ ನಾಲ್ಕು ಜನರಿಂದ. ಖುಷಿಪಡಲೇ, ನಾಚಿಕೆಪಡಲೇ ತಿಳಿಯುತ್ತಿಲ್ಲ. ಮೂವತ್ತು ವರ್ಷ ಮಾಡಿದ್ದೇನು ನಾನು?

ಮಾರ್ಚ್ 13, ಗುರುವಾರ. ಸಂಜೆ 6

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾಲ್ಕಕ್ಕೆ ಡ್ರೈವರಮ್ಮ ಬಂದಳು. ಸಿಟಿ ಬಸ್ಸು ಓಡಿಸುವವಳು, ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬರುತ್ತಾಳೆ. ಮೂವತ್ತಾರು ವಯಸ್ಸು, ನನ್ನ ಬಳಿ ಒಂಬತ್ತು ವರ್ಷ. ದನಿ ದೊಡ್ಡದು. ಆದರೆ ದೋಣಿಯ ಹಾಡಿನ ಉದ್ದನೆಯ ಸಾಲಿನಲ್ಲಿ ಎಡವುತ್ತಾಳೆ. ಆ ಸಾಲಿನ ನಡುವೆ ಒಂದು ಉಸಿರು ತೆಗೆದುಕೊಳ್ಳಬೇಕು. ನನಗೆ ಕಲಿಸಿದ ದೊಡ್ಡ ಮೇಡಂ ತಮ್ಮ ಹಾಡಿನ ಪುಸ್ತಕದಲ್ಲಿ ಅಲ್ಲೊಂದು ಪೆನ್ಸಿಲ್ ಗೆರೆ ಎಳೆದಿದ್ದರು. ಅವರು ಹೋಗಿ ಹತ್ತೊಂಬತ್ತು ವರ್ಷ. ಪುಸ್ತಕ ನನ್ನ ಬಳಿಯಿದೆ. ದೋಣಿ ದಡ ಬಿಡುವಾಗ ಒಮ್ಮೆ ತಿರುಗಿ ನೋಡುತ್ತದೆ, ಆ ನೋಟವೇ ಈ ಉಸಿರು — ಹೀಗೆಂದು ಎಲ್ಲ ಶಿಷ್ಯರಿಗೂ ಹೇಳಿಕೊಡುತ್ತೇನೆ. ಒಮ್ಮೆ ರೇಡಿಯೋದಲ್ಲೂ ಹೇಳಿದೆ.

ಡ್ರೈವರಮ್ಮನ ಉಸಿರು ಅಲ್ಲಿ ಗಕ್ಕನೆ ಬ್ರೇಕು ಹಾಕಿದ ಹಾಗೆ ಸದ್ದು ಮಾಡುತ್ತದೆ. ಆ ಒಂದು ಕಾರಣಕ್ಕೇ ಅವಳನ್ನು ಎರಡು ಸಲ ಆಡಿಶನ್ನಿಗೆ ಹೋಗಬೇಡ ಎಂದಿದ್ದೆ. ‘ಇನ್ನೂ ಉಸಿರು ಸಾಲದು’ ಎಂದಿದ್ದೆ. ತಲೆಯಾಡಿಸಿ ಹೋಗಿದ್ದಳು.

ಇವತ್ತು ಒಬ್ಬಳೇ ಹಾಡಿದಳು. ಅದೇ ಜಾಗ, ಅದೇ ಸದ್ದು. “ನೀವು ಹಾಡದಿದ್ರೆ ದಾರಿನೇ ಕಾಣ್ಸಲ್ಲ ಮೇಡಂ” ಎಂದಳು. ಇನ್ನೊಂದು ಸಲ ಎಂದು ಕೈಯಲ್ಲೇ ತೋರಿಸಿ, ನೀರು ಕುಡಿಯಲು ಅಡುಗೆಮನೆಗೆ ಹೋದೆ. ಲೋಟ ಕೈಯಲ್ಲಿತ್ತು. ಸಾಲು ಶುರುವಾಯಿತು. ಗೆರೆಯ ಜಾಗ ಬಂತು...

ನಿಲ್ಲಲಿಲ್ಲ. ಉಸಿರು ತೆಗೆದುಕೊಳ್ಳಲಿಲ್ಲ. ದನಿ ಆ ಜಾಗವನ್ನು ದಾಟಿಕೊಂಡು ಹೋಯಿತು, ಮೇಲೆ ಏರಿತು, ಏರಿದಷ್ಟೂ ಅಗಲವಾಯಿತು, ಕೊನೆಯ ಸ್ವರದವರೆಗೂ ಒಂದೇ ಉಸಿರು. ನಲವತ್ತು ವರ್ಷ ಹಾಡಿದ್ದೇನೆ ಈ ಹಾಡನ್ನು. ಇಂಥದ್ದೊಂದು ಹಾಡು ಅದರೊಳಗಿದೆ ಎಂದು ಗೊತ್ತಿರಲಿಲ್ಲ. ದೋಣಿ ತಿರುಗಿ ನೋಡುವುದೇ ಇಲ್ಲ. ಹೋಗಿಬಿಡುತ್ತದೆ. ಸಿಂಕಿನ ಅಂಚು ಹಿಡಿದು ನಿಂತು ಅತ್ತೆ, ಸದ್ದಿಲ್ಲದೆ. ಅಳುವಾಗಲೂ ಸದ್ದು ಮಾಡುವಂತಿಲ್ಲವಲ್ಲ.

ಹೊರಗೆ ಬಂದು ಸ್ಲೇಟಿನಲ್ಲಿ ಬರೆದೆ: ಈಗ ಏನು ಮಾಡಿದೆ?

ಅವಳಿಗೆ ಗಾಬರಿ. “ಅಯ್ಯೋ, ಉಸಿರು ತಗೊಳ್ಳೋದು ಮರ್ತೇಬಿಟ್ಟೆ ಮೇಡಂ. ನೀವು ಒಳಗೆ ಹೋದ್ರಲ್ಲ, ಅದಕ್ಕೆ... ಸಾರಿ.”

ಕ್ಷಮೆ ಕೇಳುತ್ತಿದ್ದಾಳೆ!

ಮಾರ್ಚ್ 14, ಶುಕ್ರವಾರ

ಹೊಟ್ಟೆಕಿಚ್ಚು. ನಿಜ ಹೇಳಲು ಈ ಡೈರಿಯಾದರೂ ಇದೆ. ನನಗೆ ಆ ಸಾಲು ಒಂದೇ ಉಸಿರಿಗೆ ಬರುವುದಿಲ್ಲ. ಗಂಟಲು ಚೆನ್ನಾಗಿದ್ದಾಗಲೂ ಬರುತ್ತಿರಲಿಲ್ಲ. ಬರುತ್ತದೋ ಇಲ್ಲವೋ ಎಂದು ನೋಡಿಯೇ ಇರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಹೊಟ್ಟೆಯುರಿ.

ಮಾರ್ಚ್ 20, ಗುರುವಾರ

ಇವತ್ತು ಆಗಲಿಲ್ಲ. ಆರು ಸಲ ಹಾಡಿದಳು. ಆರು ಸಲವೂ ಗೆರೆಯ ಹತ್ತಿರ ಗಕ್ಕನೆ ಉಸಿರು. ಉಸಿರು ಬೇಡ, ಸುಮ್ಮನೆ ಹೋಗು ಎಂದು ಬರೆದು ತೋರಿಸಿದೆ. “ಹೋಗ್ತೀನಿ ಅಂತಾನೇ ಅಂದ್ಕೋತೀನಿ ಮೇಡಂ, ಅಲ್ಲಿಗೆ ಬಂದ ತಕ್ಷಣ ತಾನಾಗೇ ಆಗ್ಬಿಡುತ್ತೆ” ಎಂದಳು. ಕಣ್ಣಲ್ಲಿ ನೀರು. ನನಗೆ ಬಾಯಿಬಿಟ್ಟು ಸಮಾಧಾನ ಹೇಳುವ ಹಾಗೂ ಇಲ್ಲ.

ಕಾರಣ ಕಂಡುಹಿಡಿದದ್ದು ಇವರು. ಮೂಲೆಯಲ್ಲಿ ಪೇಪರು ಓದುತ್ತಿದ್ದವರು, ಅವಳು ಹೋದ ಮೇಲೆ ಹೇಳಿದರು: “ಅವಳ ತಪ್ಪಲ್ಲ. ಆ ಜಾಗ ಬಂದಾಗ ನಿನ್ನ ಭುಜ ಮೇಲೇಳುತ್ತೆ. ಅವಳು ನಿನ್ನನ್ನೇ ನೋಡ್ತಿರ್ತಾಳೆ. ಒಂದು ಇಂಚು ಏಳುತ್ತೆ, ಬೇಕಾದ್ರೆ ಅಳೆದು ತೋರಿಸ್ತೀನಿ.”

ಕನ್ನಡಿಯ ಮುಂದೆ ನಿಂತು ಮನಸ್ಸಿನಲ್ಲೇ ಹಾಡಿಕೊಂಡೆ. ಹೌದು. ಭುಜ ಎದ್ದಿತು. ದನಿ ನಿಂತು ಹದಿನೈದು ದಿನವಾದರೂ ನಾನು ಇನ್ನೂ ಅವಳ ಜೊತೆಗೆ ಹಾಡುತ್ತಲೇ ಇದ್ದೇನೆ.

ಮಾರ್ಚ್ 23, ಭಾನುವಾರ

ಪಿಯಾನೋ ಮಾಸ್ತರರು ಆರೋಗ್ಯ ವಿಚಾರಿಸಲು ಬಂದಿದ್ದರು. ಎಂಬತ್ತಾರು ವಯಸ್ಸು, ಬೆರಳು ಇನ್ನೂ ಇಪ್ಪತ್ತಾರರದು. ದೊಡ್ಡ ಮೇಡಂಗೂ ಅವರೇ ನುಡಿಸುತ್ತಿದ್ದವರು. ಹಳೆಯ ಪುಸ್ತಕ ಮುಂದಿಟ್ಟು, ಆ ಗೆರೆಯ ಮೇಲೆ ಬೆರಳಿಟ್ಟು, ಸ್ಲೇಟಿನಲ್ಲಿ ಬರೆದೆ: ಇದು ಯಾಕೆ ಮಾಸ್ಟ್ರೇ?

ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

“ಇದಾ? ಆವಾಗ ಅವರಿಗೆ ಎಂಟು ತಿಂಗಳು ಕಣಮ್ಮ. ಹೊಟ್ಟೆ ಇಷ್ಟು ದೊಡ್ಡದು. ಉಸಿರು ಸಾಲ್ತಾನೇ ಇರಲಿಲ್ಲ. ರಿಹರ್ಸಲ್‌ನಲ್ಲಿ ಪೆನ್ಸಿಲ್ ಕೊಡಿ ಅಂತ ಇಸ್ಕೊಂಡು ಗೆರೆ ಹಾಕಿದ್ರು. ಪೆನ್ಸಿಲ್ ನಂದೇ. ವಾಪಸ್ ಕೊಡಲಿಲ್ಲ.”

ಕುರ್ಚಿ ಎಳೆದುಕೊಂಡು ಕೂತೆ.

“ಹೆರಿಗೆ ಆದ ಮೇಲೆ ಅಳಿಸಬೇಕಿತ್ತು, ಮರೆತರು. ಅಷ್ಟೊತ್ತಿಗೆ ಅಭ್ಯಾಸ ಆಗಿಹೋಗಿತ್ತು ಅನ್ನು. ಆ ಹೊಟ್ಟೇಲಿದ್ದವನಿಗೆ ಈಗ ಐವತ್ತೆಂಟು. ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಹಾಡು ಅಂದ್ರೆ ಓಡಿಹೋಗ್ತಾನೆ.”

ನಲವತ್ತು ವರ್ಷ ನನಗೆ ನುಡಿಸಿದಿರಿ, ಒಂದು ಮಾತು ಹೇಳಬಾರದಿತ್ತೇ? — ಬಳಪ ಮುರಿಯುವಷ್ಟು ಒತ್ತಿ ಬರೆದೆ.

“ನೀನು ಕೇಳಲಿಲ್ಲವಲ್ಲ! ನಿನಗೂ ಉಸಿರು ಸಾಲದೇನೋ ಅಂದ್ಕೊಂಡೆ. ಹಾಡೋ ಹೆಣ್ಣುಮಗಳಿಗೆ ಅದನ್ನ ಬಾಯಿಬಿಟ್ಟು ಹೇಳೋಕಾಗುತ್ತಾ?”

ಡ್ರೈವರಮ್ಮನ ವಿಷಯ ಬರೆದು ತೋರಿಸಿದೆ. ಅವರ ನಗು ನಿಂತಿತು. “ಇರೋ ಉಸಿರೇ ಮುಗಿದಿಲ್ಲ, ಮೇಲೆ ಇನ್ನಷ್ಟು ತುಂಬ್ಕೋ ಅಂದ್ರೆ ಸದ್ದಾಗದೆ ಇನ್ನೇನು? ಪಾಪ” ಎಂದರು. ಆ ‘ಪಾಪ’ ಚುಚ್ಚಿತು.

ಮಾಸ್ತರರು ಹೋದ ಮೇಲೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ಕೂತೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬೇರೆ. ಹೊಟ್ಟೆಯಲ್ಲಿ ಮಗು ಒದೆಯುತ್ತಿರುವಾಗ ಒಬ್ಬ ಹೆಂಗಸು ಗಬಕ್ಕನೆ ಎಳೆದುಕೊಂಡ ಉಸಿರು. ಅದು ನನ್ನೊಳಗೆ ಬಂದು, ನನ್ನಿಂದ ಬಸ್ಸು ಓಡಿಸುವ ಹೆಣ್ಣಿನ ಎದೆಗೆ ಹೋಗಿದೆ. ಅವರ ದನಿಯ ಒಂದು ರೆಕಾರ್ಡೂ ಉಳಿದಿಲ್ಲ. ಏದುಸಿರು ಉಳಿದಿದೆ. ಗುರುವಾರ ಗುರುವಾರ ನನ್ನ ಮನೆಯ ಹಜಾರದಲ್ಲಿ ಕೇಳಿಸುತ್ತದೆ.

ಮಾರ್ಚ್ 24, ಸೋಮವಾರ

ರಬ್ಬರಿನಿಂದ ಅಳಿಸಿದೆ. ಮೂರು ಸಲ ಕೈ ಹಿಂದೆಗೆದು ನಾಲ್ಕನೆಯ ಸಲಕ್ಕೆ ಅಳಿಸಿದೆ. ಸೀಸ ಹೋಯಿತು. ಒತ್ತಿ ಎಳೆದ ಗುರುತು ಕಾಗದದಲ್ಲಿ ಹಾಗೇ ಇದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

ಏಪ್ರಿಲ್ 9, ಬುಧವಾರ. ಮಧ್ಯಾಹ್ನ

ಗುಳ್ಳೆ ಹೋಗಿದೆ. ಕಲೆ ಉಳಿದಿದೆ. ಪರದೆಯಲ್ಲಿ ನೋಡಿದೆ: ಬಲಗಡೆಯದು ಸರಾಗವಾಗಿ ನಡುಗುತ್ತದೆ, ಎಡಗಡೆಯದು ಒಂದು ಕಡೆ ಬಿಗಿಯಾಗಿ ನಿಂತುಬಿಡುತ್ತದೆ. ಮಾತಾಡಬಹುದು, ಮೆಲ್ಲಗೆ. ಹಾಡು ಆರು ತಿಂಗಳು ಬೇಡ. ಆಮೇಲೂ ಮೇಲಿನ ಸ್ವರಗಳು...

“ಬರೋದು ಕಷ್ಟ” ಎಂದರು ಡಾಕ್ಟರು. ಒಳ್ಳೆಯವರು, ಕಣ್ಣು ತಪ್ಪಿಸಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ದುಃಖವಾಯಿತು. ಅದಕ್ಕೆ ಬೇರೆ ಮಾತಿಲ್ಲ. ಇವರು ನನ್ನ ಕೈಚೀಲವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಮನೆಗೆ ಬಂದು ಊಟ ಬಡಿಸಿ, ಎದುರಿಗೆ ಕೂತು, ನನ್ನ ಬಾಯನ್ನೇ ನೋಡುತ್ತಿದ್ದರು. ಐದು ವಾರದ ಮೇಲೆ ಮೊದಲ ಮಾತು ಏನಾಗಿರುತ್ತದೆ ಎಂದು ಕಾದಿದ್ದಾರೆ. ಒಂದು ತುತ್ತು ತಿಂದೆ.

“ಐದು ವಾರದಿಂದ ಉಪ್ಪು ಜಾಸ್ತಿ ಹಾಕ್ತಿದೀರಿ” ಎಂದೆ.

ಅವರು ನಕ್ಕರು, ಆಮೇಲೆ ಕಣ್ಣು ಒರೆಸಿಕೊಂಡರು. ನನ್ನದೇ ದನಿ, ಆದರೆ ಅಕ್ಕನೋ ತಂಗಿಯೋ ಮಾತಾಡಿದ ಹಾಗಿತ್ತು.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಸಭಾಂಗಣದ ಕಾರ್ಯದರ್ಶಿಗೆ ಫೋನು ಮಾಡಿದೆ. ನಾನು ಹಾಡುವುದಿಲ್ಲ, ನನ್ನ ಶಿಷ್ಯರು ಹಾಡುತ್ತಾರೆ, ಕೊನೆಯ ಹಾಡು ಇಂಥವಳದು ಎಂದೆ.

“ಏನು ಮಾಡ್ಕೊಂಡಿದ್ದಾರೆ ಅವರು?”

“ಬಸ್ ಓಡಿಸ್ತಾರೆ.”

“ಮೇಡಂ, ಜನ ನಿಮ್ಮನ್ನ ಕೇಳೋಕೆ ಬರೋದು...”

“ಅವರನ್ನ ಕೇಳಿದ ಮೇಲೆ ನನಗೆ ಫೋನ್ ಮಾಡಿ” ಎಂದು ಇಟ್ಟುಬಿಟ್ಟೆ. ಧೈರ್ಯ ಬಾಯಲ್ಲಿ ಮಾತ್ರ ಇತ್ತು. ಅವಳು ಆ ಸಾಲನ್ನು ಒಂದೇ ಉಸಿರಿಗೆ ಹಾಡಿದ್ದನ್ನು ನಾನು ಕೇಳಿರುವುದು ಒಂದೇ ಸಲ, ಅದೂ ಅಡುಗೆಮನೆಯಿಂದ. ಅಲ್ಲಿ ಗಕ್ಕನೆ ಉಸಿರೆಳೆದರೆ ಅವಳಿಗೆ ಇನ್ನೊಂದು ವೇದಿಕೆ ಸಿಗುವುದಿಲ್ಲ. ನನಗದು ಗೊತ್ತು. ಅವಳಿಗೂ ಗೊತ್ತಾಗುತ್ತದೆ.

ಸಂಜೆ ಅವಳು ಬಂದಳು. ನನ್ನ ದನಿ ಕೇಳಿ ಕುಣಿದಾಡಿದಳು. ಕೂರಿಸಿ ಎಲ್ಲ ಹೇಳಿದೆ. ಗೆರೆ, ಎಂಟು ತಿಂಗಳು, ಕನ್ನಡಕದ ಅಂಗಡಿ, ನನ್ನ ಭುಜ. ಕೊನೆಗೆ, ಇಷ್ಟು ದಿನ ಸ್ಲೇಟಿನಲ್ಲಿ ಬರೆಯಲಾರದೆ ಇಟ್ಟುಕೊಂಡ ಮಾತು.

“ಎರಡು ಸಲ ನಿನಗೆ ಹೋಗಬೇಡ ಅಂದೆ. ನಿನ್ನ ಉಸಿರಲ್ಲಿ ಏನೂ ಕಮ್ಮಿ ಇರಲಿಲ್ಲ. ತಪ್ಪು ನಂದು.”

ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು. ಬೈಯಲಿ ಎಂದು ಕಾದೆ.

“ಹತ್ತೊಂಬತ್ತಕ್ಕೆ ನನಗೆ ಸೆಕೆಂಡ್ ಶಿಫ್ಟ್ ಇದೆ ಮೇಡಂ” ಎಂದಳು. “ಯಾರ ಜೊತೆಗಾದ್ರೂ ಬದಲಾಯಿಸ್ಕೋಬೇಕು.” ಬಾಗಿಲ ಹತ್ತಿರ ಹೋಗಿ ನಿಂತು, “ಎರಡನೇ ಸಲ ಮನೆಗೆ ಹೋಗಿ ತುಂಬಾ ಅತ್ತಿದ್ದೆ” ಎಂದಳು. ನಾನು ತಲೆ ತಗ್ಗಿಸಿದೆ.

“ಮತ್ತೆ ನೀವು? ನೀವೇನು ಮಾಡ್ತೀರಿ ಮೇಡಂ?”

“ನಾನು ಕೇಳ್ತೀನಿ.”

ಏಪ್ರಿಲ್ 17, ಗುರುವಾರ

ಸಭಾಂಗಣದಲ್ಲಿ ರಿಹರ್ಸಲ್. ಮೂರನೆಯ ಸಾಲಿನ ಕುರ್ಚಿಯಲ್ಲಿ ಎರಡೂ ಕೈಯಿಂದ ಭುಜ ಒತ್ತಿ ಹಿಡಿದು ಕೂತೆ. ಭುಜ ನಿಂತಿತು, ಹುಬ್ಬು ಎದ್ದಿತಂತೆ. ಅವಳು ಗಕ್ಕನೆ ಉಸಿರೆಳೆದಳು. ಕಾರ್ಯದರ್ಶಿ ಕೆಮ್ಮಿದ.

ಮಾಸ್ತರರು ಪಿಯಾನೋ ಬಿಟ್ಟೆದ್ದು ಬಂದರು. “ನೀನು ಎದುರಿಗೆ ಕೂರಬೇಡಮ್ಮ. ಎಲ್ಲಿಗಾದ್ರೂ ಹೋಗು.”

ನನ್ನ ನಲವತ್ತನೆಯ ವರ್ಷದ ಕಾರ್ಯಕ್ರಮ, ನನಗೇ ಸೀಟಿಲ್ಲ. ನಗು ಬಂತು, ನಿಜವಾಗಿ.

ಏಪ್ರಿಲ್ 19, ಶನಿವಾರ. ಸಂಜೆ 6.40

ವೇದಿಕೆಯ ಪಕ್ಕದ ಕೋಣೆ. ಒಂದು ಸ್ಟೂಲು, ಒಂದು ಕನ್ನಡಿ, ಮುರಿದ ಮ್ಯೂಸಿಕ್ ಸ್ಟ್ಯಾಂಡು. ಬಾಗಿಲು ಎರಡು ಬೆರಳಿನಷ್ಟು ತೆರೆದಿದೆ. ಕಾಣುವುದು ಪರದೆಯ ಅಂಚು ಮಾತ್ರ. ಕೈಗೆ ಏನಾದರೂ ಕೆಲಸ ಬೇಕು ಎಂದು ಬರೆಯುತ್ತಿದ್ದೇನೆ. ನಲವತ್ತು ವರ್ಷದಲ್ಲಿ ವೇದಿಕೆ ಹತ್ತುವ ಮೊದಲು ಇಷ್ಟು ಹೆದರಿರಲಿಲ್ಲ.

ಹಲ್ಲು ಡಾಕ್ಟರು ಹಾಡಿ ಮುಗಿಸಿದರು. ಒಬ್ಬರೇ. ಬಾಯಿ ತೆರೆದು! ಜನ ಚಪ್ಪಾಳೆ ಹೊಡೆದರು, ಇಲ್ಲಿ ನಾನೂ ಹೊಡೆದೆ.

6.55

ಅವಳು ಈ ದಾರಿಯಲ್ಲೇ ಹೋದಳು. ಹೊಸ ಚಪ್ಪಲಿ ಕಚ್ಚುತ್ತದೆಂದು ಇಲ್ಲೇ ಬಿಟ್ಟು, ಡ್ಯೂಟಿಯ ಶೂ ಹಾಕಿಕೊಂಡು ಹೋದಳು. “ಮೇಡಂ, ನೀವು ಇಲ್ಲೇ ಇರ್ತೀರಲ್ಲ?” ಎಂದಳು. ಹೂಂ ಎಂದೆ. “ಆದ್ರೆ ಕಾಣಿಸ್ಕೋಬೇಡಿ” ಎಂದಳು.

ಇವರು ಮುಂದಿನ ಸಾಲಿನಲ್ಲಿ ಗಡಿಯಾರ ಹಿಡಿದು ಕೂತಿರುತ್ತಾರೆ. ಉದ್ದನೆಯ ಸಾಲು ಹತ್ತೊಂಬತ್ತು ಸೆಕೆಂಡು ಎಂದು ಲೆಕ್ಕ ಹಾಕಿಟ್ಟಿದ್ದಾರೆ.

ಮಾಸ್ತರರ ಪಿಯಾನೋ. ಶುರು.

ಮೊದಲ ಭಾಗ ಚೆನ್ನಾಗಿದೆ. ದನಿ ಸ್ವಲ್ಪ ಗಟ್ಟಿ, ಹೆದರಿದ್ದಾಳೆ. ಇಲ್ಲ, ಸರಿಹೋಯಿತು. ಸಭಾಂಗಣದಲ್ಲಿ ಕೆಮ್ಮುಗಳು ಒಂದೊಂದಾಗಿ ನಿಂತವು. ನನ್ನ ತುಟಿ ಅಲ್ಲಾಡುತ್ತಿದೆ. ಮುಚ್ಚಿಕೊಂಡೆ.

ಬಂತು ಸಾಲು. ಹೊರಟಳು.

ಗೆರೆ ಹತ್ತಿರ ಬರುತ್ತಿದೆ. ನನ್ನ ಭುಜ ಎದ್ದಿತು. ಏಳಲಿ, ಇಲ್ಲಿ ಯಾರಿಗೂ ಕಾಣುವುದಿಲ್ಲ —

ದಾಟಿದಳು. ದಾಟಿದಳು! ಉಸಿರು ತೆಗೆದುಕೊಳ್ಳಲಿಲ್ಲ. ಏರುತ್ತಿದ್ದಾಳೆ. ನನಗೆ ಇಲ್ಲಿ ಉಸಿರು ಮುಗಿಯಿತು, ಅವಳಿಗೆ ಮುಗಿದಿಲ್ಲ. ದೊಡ್ಡ ಮೇಡಂ, ಕೇಳುತ್ತಿದ್ದೀರಾ... ಇನ್ನೂ ಇದೆ, ದನಿ ಇನ್ನೂ ಇದೆ, ಇನ್ನೂ